ಹಬೆಯ ತೂಕ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿಯ ರಜೆಗೆ ನಾನು ಶಿರಂಗಾಲದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಕೊಡಗು ಎಂದೊಡನೆ ಓದುಗರ ಕಣ್ಣೆದುರಿಗೆ ಕಾಫಿಯ ತೋಟವೂ ಮಂಜು ಮುಸುಕಿದ ಮಲೆಯೂ ಬಂದು ನಿಲ್ಲುವುದು ಸಹಜ. ಶಿರಂಗಾಲ ಆ ಕೊಡಗಿನ ಈಶಾನ್ಯದ ಅಂಚು. ಹೆಬ್ಬಾಲೆ, ತೊರೆನೂರುಗಳನ್ನು ಹಾದು ಬರುವ ಕಾವೇರಿಯ ದಂಡೆ. ಗಡಿ ದಾಟಿದರೆ ಹಾಸನ ಜಿಲ್ಲೆ. ಊರು ಹಿಂದೆ ಸೋಮವಾರಪೇಟೆ ತಾಲ್ಲೂಕಿಗೆ ಸೇರಿತ್ತು, ಈಗ ಕುಶಾಲನಗರಕ್ಕೆ ಸೇರಿದೆ. ಮಾತಿನಲ್ಲಿಯೂ ಊಟದಲ್ಲಿಯೂ ಅದು ಅರಕಲಗೂಡಿನ ಸೀಮೆಗೇ ಹತ್ತಿರ. ಪುಷ್ಯಮಾಸದಲ್ಲಿ ಆ ಕಡೆಯ ಮನೆಗಳಿಗೆ ಹೋದರೆ ಬಾಗಿಲಲ್ಲಿಯೇ ಸೊಗಡಿನ ಅವರೆಕಾಯಿಯ ವಾಸನೆ ಎದುರುಗೊಳ್ಳುತ್ತದೆ.

ಅಕ್ಕನ ಮೊಮ್ಮಕ್ಕಳಿಗೆ ಅವರೆಕಾಳಿನ ಸಾರೆಂದರೆ ಪ್ರಾಣ. ಆದರೆ ಅವರು ಬರುವುದು ಬೇಸಿಗೆಯ ರಜೆಗೆ. ಅಷ್ಟರಲ್ಲಿ ಅವರೆಯ ಕಾಲ ಮುಗಿದಿರುತ್ತದೆ. ಇದು ಅವಳ ಬಹುಕಾಲದ ಕೊರಗು. ಆ ವರ್ಷ ಅವಳ ಮಗ ಅಮೆರಿಕದಿಂದ ಬರುವಾಗ ಪ್ರೆಷರ್ ಕ್ಯಾನರ್ ಎಂಬ ದೊಡ್ಡದೊಂದು ಪಾತ್ರೆಯನ್ನು ತಂದುಕೊಟ್ಟಿದ್ದ. ನಮ್ಮ ಕುಕ್ಕರಿನ ಜಾತಿಯದೇ, ಗಾತ್ರದಲ್ಲಿ ಹಂಡೆ. ಮುಚ್ಚಳದ ಮೇಲೆ ಗಡಿಯಾರದಂಥ ಒಂದು ಮುಖ, ಅದರೊಳಗೆ ಒಂದು ಮುಳ್ಳು. ಗಾಜಿನ ಸೀಸೆಗಳಲ್ಲಿ ಕಾಳು ತುಂಬಿ, ಮುಚ್ಚಳ ಹಾಕಿ, ಈ ಹಂಡೆಯೊಳಗೆ ನಿಲ್ಲಿಸಿ ಹಬೆಯ ಒತ್ತಡದಲ್ಲಿ ಬೇಯಿಸಿದರೆ, ಸೀಸೆಯ ಪದಾರ್ಥ ವರ್ಷವಾದರೂ ಕೆಡುವುದಿಲ್ಲ ಎಂಬುದು ಅದರ ವಿದ್ಯೆ. ಅಕ್ಕ ಅದಕ್ಕೆ ‘ಸೀಸೆ ಬೇಯಿಸೋ ಹಂಡೆ’ ಎಂದೇ ಹೆಸರಿಟ್ಟಳು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರೆಯ ಹೆಸರು ಪುಸ್ತಿಕೆಯಲ್ಲಿರಲಿಲ್ಲ. ಅದರ ನೆಂಟನಂತೆ ತೋರಿದ ಲೈಮಾ ಬೀನ್ಸ್ ಎಂಬುದರ ಲೆಕ್ಕ ಹಿಡಿದೆವು: ಸಣ್ಣ ಸೀಸೆಗೆ ಚದರಂಗುಲಕ್ಕೆ 11 ಪೌಂಡು ಒತ್ತಡ, 40 ನಿಮಿಷ. ಮುಳ್ಳು ಹನ್ನೊಂದಕ್ಕೆ ಬಂದಾಗ ನಾನು ಗಡಿಯಾರ ನೋಡಿಕೊಂಡೆ. ಹದಿನಾಲ್ಕು ಸೀಸೆಗಳು ಅಟ್ಟಕ್ಕೇರಿದವು.

ಶಿವರಾತ್ರಿಯ ಮರುದಿನ ಮತ್ತೆ ಹೋದಾಗ ಅಕ್ಕ ಒಂದು ಸೀಸೆ ಒಡೆದು ಸಾರು ಮಾಡಿದ್ದಳು. ಹೊಸ ಕಾಳಿನಷ್ಟೇ ರುಚಿ. ಎರಡು ಸಲ ಹಾಕಿಸಿಕೊಂಡೆ. ರಾತ್ರಿ ನಿದ್ರೆ ಬರುವವರೆಗೆ ಓದಲು ಬೇರೇನೂ ಸಿಗದೆ ಅದೇ ಪುಸ್ತಿಕೆಯನ್ನು ಎತ್ತಿಕೊಂಡೆ. ಮೂಲಗ್ರಂಥ ಓದಿ ಅನುಬಂಧವನ್ನು ಬಿಡುವವರೆಂದು ವಿದ್ಯಾರ್ಥಿಗಳನ್ನು ಇಪ್ಪತ್ತು ವರ್ಷ ಬಯ್ದ ನಾನೇ ಕೊನೆಯ ಪುಟಗಳನ್ನು ನೋಡಿರಲಿಲ್ಲ. ಅಲ್ಲೊಂದು ಪಟ್ಟಿ. ಹನ್ನೊಂದು ಪೌಂಡು ಸಮುದ್ರಮಟ್ಟದಿಂದ 2,000 ಅಡಿಯವರೆಗಿನ ಊರುಗಳಿಗೆ. ಅಲ್ಲಿಂದ 4,000 ಅಡಿಯವರೆಗೆ ಹನ್ನೆರಡು. ಆರು ಸಾವಿರದವರೆಗೆ ಹದಿಮೂರು. ಬೇರೆ ಊರಾಗಿದ್ದರೆ ರೈಲು ನಿಲ್ದಾಣದ ಹಳದಿಯ ಹಲಗೆಯ ಮೇಲೆ ಎತ್ತರವನ್ನು ಓದಬಹುದಿತ್ತು. ಕೊಡಗಿಗೆ ರೈಲೇ ಬಂದಿಲ್ಲ. ಅಕ್ಕನ ಮಗನ ಫೋನು ಹೇಳಿತು: ಸುಮಾರು 2,700 ಅಡಿ. ಪಟ್ಟಿಯ ಕೆಳಗೆ ಇನ್ನೊಂದು ಮಾತಿತ್ತು. ಒತ್ತಡ ಸಾಲದೆ ಹೋದರೆ ಬರಬಹುದಾದ ವಿಷದ ಲಕ್ಷಣಗಳು: ಸಾಮಾನ್ಯವಾಗಿ ಹನ್ನೆರಡರಿಂದ ಮೂವತ್ತಾರು ಗಂಟೆಯೊಳಗೆ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಾಲಗೆ ತೊದಲುವುದು, ನುಂಗಲು ಕಷ್ಟವಾಗುವುದು, ಕಡೆಗೆ ಉಸಿರಾಡುವ ಸ್ನಾಯುಗಳೇ ಸೋಲುವುದು. ಆ ರಾತ್ರಿ ದೇವರ ಗೂಡಿನ ದೀಪ ಒಂದೇ ಇದೆಯೋ ಎರಡಿದೆಯೋ ಎಂದು ಎಷ್ಟು ಸಲ ಎದ್ದು ನೋಡಿದೆನೋ ಲೆಕ್ಕವಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆದರೆ ಹಬೆಯ ಒತ್ತಡವನ್ನು ಮನುಷ್ಯ ಅಳೆಯಲು ಕಲಿತದ್ದು ಹೇಗೆ ಎಂಬ ವಿಷಯ ಅಂದಿನಿಂದ ನನ್ನ ಬೆನ್ನು ಹತ್ತಿತು. ಓದುತ್ತ ಹೋದಂತೆ ನನ್ನದು ಹಳೆಯ ತಪ್ಪು, ದೊಡ್ಡವರ ಸಹವಾಸದ ತಪ್ಪು ಎಂದು ತಿಳಿದು ಸ್ವಲ್ಪ ಸಮಾಧಾನವೂ ಆಯಿತು.

ಈ ಹಂಡೆಯ ಮೂಲಪುರುಷ ಫ್ರಾನ್ಸಿನ ಡೆನಿಸ್ ಪಾಪಿನ್. 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವನು ಮೂಳೆಗಳನ್ನು ಮೆತ್ತಗೆ ಮಾಡುವ ಒಂದು ಯಂತ್ರವನ್ನು ತೋರಿಸಿದ. 1681ರಲ್ಲಿ ಅದರ ಮೇಲೆ ಪುಸ್ತಕ ಬರೆದ. 1682ರ ಏಪ್ರಿಲಿನಲ್ಲಿ ಸೊಸೈಟಿಯ ಸದಸ್ಯರಿಗೆ ಆ ಪಾತ್ರೆಯಲ್ಲಿ ಬೆಂದ ಊಟವನ್ನೂ ಬಡಿಸಿದ. ದನದ ಗಟ್ಟಿ ಮೂಳೆ ಗಿಣ್ಣಿನಂತೆ ಮೃದುವಾಗಿತ್ತೆಂದು ಊಟಕ್ಕೆ ಹೋಗಿದ್ದ ಜಾನ್ ಈವ್ಲಿನ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮುಚ್ಚಿದ ಪಾತ್ರೆ ಸಿಡಿಯದಂತೆ ಪಾಪಿನ್ ಮುಚ್ಚಳದಲ್ಲಿ ಒಂದು ರಂಧ್ರ ಮಾಡಿ, ಅದನ್ನು ಅದುಮಿ ಹಿಡಿಯುವ ಸನ್ನೆಯ ಕೋಲಿಗೆ ತೂಕದ ಕಲ್ಲು ತೂಗಿಸಿದ. ಒಳಗಿನ ಹಬೆ ಆ ತೂಕವನ್ನು ಎತ್ತುವಷ್ಟಾದರೆ ಹೊರಬರುತ್ತದೆ. ತಕ್ಕಡಿಯಲ್ಲಿ ಬೆಲ್ಲ ತೂಗುವಂತೆ ಹಬೆಯನ್ನೇ ತೂಗಿದ ಮೊದಲಿಗನೆಂದು ಅವನನ್ನು ಕರೆಯಬಹುದು. ನಮ್ಮ ಕುಕ್ಕರಿನ ತಲೆಯ ಮೇಲೆ ಕುಳಿತು ಕೂಗುವ ತೂಕ ಆ ಕಲ್ಲಿನ ವಂಶದ್ದು.

ಅವನ ಇನ್ನೊಂದು ಉಪಾಯ ನನಗೆ ಹೆಚ್ಚು ಮೆಚ್ಚಿಗೆಯಾಯಿತು. ತೂಕದಿಂದ ಒತ್ತಡ ತಿಳಿಯಿತು, ಒಳಗಿನ ಕಾವು? ಪಾಪಿನ್ ಮುಚ್ಚಳದ ಮೇಲೆ ಒಂದು ಸಣ್ಣ ಕುಳಿ ಮಾಡಿ, ಅದಕ್ಕೆ ಒಂದು ತೊಟ್ಟು ನೀರು ಬಿಟ್ಟು, ಪಕ್ಕದಲ್ಲಿ ಮೂರು ಅಡಿಯ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿದ. ತೊಟ್ಟು ಆರಿಹೋಗುವುದರೊಳಗೆ ಗುಂಡು ಎಷ್ಟು ಸಲ ತೂಗಿತೆಂಬುದೇ ಕಾವಿನ ಲೆಕ್ಕ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. “ದೋಸೆ ಕಾವಲಿ ಕಾದಿದೆಯೋ ಇಲ್ಲವೋ ಅಂತ ನಾನು ದಿನಾ ನೀರು ಚಿಮುಕಿಸಿ ನೋಡೋದು ಇನ್ನೇನು?” ಎಂದಳು. ನಿಜ. ಪಾಪಿನ್ನನಿಗೂ ಅವಳಿಗೂ ಇರುವ ವ್ಯತ್ಯಾಸ ಆ ದಾರದ ಗುಂಡು ಮಾತ್ರ. ಆದರೆ ಅವನು ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಅಳೆದನಲ್ಲ, ಅದರಲ್ಲಿಯೇ ಈ ಕಥೆಯ ಗುಟ್ಟೆಲ್ಲ ಇದೆ. ಕಾಳನ್ನು ಬೇಯಿಸುವುದು, ಕ್ರಿಮಿಯನ್ನು ಕೊಲ್ಲುವುದು ಕಾವು. ಒತ್ತಡ ಆ ಕಾವಿಗೆ ಸಾಕ್ಷಿ ಹೇಳಲು ಬಂದದ್ದು. ಸಾಕ್ಷಿಯ ಮಾತನ್ನೇ ನಂಬಿ ನಡೆದವರು ಎಡವುತ್ತ ಬಂದಿದ್ದಾರೆ.

ಎತ್ತರದ ಊರಿನಲ್ಲಿ ಗಾಳಿಯ ಭಾರ ಕಡಮೆ, ಆದ್ದರಿಂದ ನೀರು ಬೇಗ ಕುದಿಯುತ್ತದೆ. ಬೇಗ ಎಂದರೆ ಕಡಮೆ ಕಾವಿನಲ್ಲಿ. ಶಿರಂಗಾಲದಲ್ಲಿ ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಮೆಗೆ. 1835ರ ಮಾರ್ಚಿಯಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡೀಸ್ ಪರ್ವತ ದಾಟುತ್ತಿದ್ದಾಗ ಅವನ ಜೊತೆಯವರು ಆಲೂಗೆಡ್ಡೆಯನ್ನು ಗಂಟೆಗಟ್ಟಲೆ ಕುದಿಸಿದರು, ರಾತ್ರಿಯೆಲ್ಲ ಒಲೆಯ ಮೇಲೆಯೇ ಬಿಟ್ಟರು, ಬೆಳಗ್ಗೆ ಮತ್ತೆ ಕುದಿಸಿದರು, ಗೆಡ್ಡೆ ಬೇಯಲಿಲ್ಲ. ಅವರ ತೀರ್ಮಾನ ಹೊಸ ಪಾತ್ರೆಗೇ ಆಲೂಗೆಡ್ಡೆ ಬೇಯಿಸಲು ಇಷ್ಟವಿಲ್ಲವೆಂದು! ಕುದಿಯುವುದು ಬೇರೆ, ಬೇಯುವುದು ಬೇರೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅದೇ ಕಾಲದಲ್ಲಿ ಪರ್ವತಯಾತ್ರಿಕರು ಈ ತೊಂದರೆಯನ್ನೇ ಉಪಕಾರ ಮಾಡಿಕೊಂಡು, ನೀರು ಕುದಿಯುವ ಕಾವಿನಿಂದ ಬೆಟ್ಟದ ಎತ್ತರ ಲೆಕ್ಕ ಹಾಕುತ್ತಿದ್ದರು. ಅವರು ಒಂದು ಚೊಂಬು ನೀರಿನಿಂದ ಹಿಮಾಲಯವನ್ನು ಅಳೆದರು; ನಾನು ಕೂತ ಊರಿನ ಎತ್ತರವನ್ನು ಕೇಳಲೂ ಇಲ್ಲ.

ಆಹಾರವನ್ನು ಸೀಸೆಯಲ್ಲಿ ಮುಚ್ಚಿ ಕಾಯಿಸಿ ಉಳಿಸುವ ವಿದ್ಯೆ ಪಾಪಿನ್ನನಿಂದ ಬಂದದ್ದಲ್ಲ. ಅದು ನಿಕೊಲಾ ಅಪೇರ್ ಎಂಬ ಮಿಠಾಯಿಗಾರನದು. ಸೈನ್ಯಕ್ಕೆ ಕೆಡದ ಆಹಾರ ಬೇಕಾಗಿದ್ದ ಕಾಲ. ಫ್ರೆಂಚ್ ಸರ್ಕಾರ 1810ರಲ್ಲಿ ಅವನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ಅವನು ಉಪಯೋಗಿಸಿದ್ದು ಬರಿಯ ಕುದಿಯುವ ನೀರು. ಆಹಾರ ಏಕೆ ಕೆಡುತ್ತದೆಂದು ಅವನಿಗೂ ತಿಳಿಯದು, ಬಹುಮಾನ ಕೊಟ್ಟವರಿಗೂ ತಿಳಿಯದು. ಪಾಸ್ಚರನು ಕಾರಣ ಹೇಳುವುದಕ್ಕೆ ಇನ್ನೂ ಐವತ್ತು ವರ್ಷ ಬೇಕಾಗಿತ್ತು.

ಇಷ್ಟರಲ್ಲಿ ಜರ್ಮನಿಯ ವ್ಯುರ್ಟೆಂಬೆರ್ಗಿನಲ್ಲಿ ಹಂದಿಮಾಂಸದ ಸಾಸೇಜು ತಿಂದು ಜನ ಸಾಯುತ್ತಿದ್ದರು. 1820 ಮತ್ತು 1822ರಲ್ಲಿ ಆ ರೋಗದ ಲಕ್ಷಣಗಳನ್ನು ವಿವರವಾಗಿ ಬರೆದವನು ಯುಸ್ಟಿನುಸ್ ಕೆರ್ನರ್. ಇವನು ವೈದ್ಯ ಹೌದು. ಜರ್ಮನರಿಗೆ ಹೆಚ್ಚು ಪರಿಚಯವಿರುವುದು ಕವಿಯಾಗಿ. ಕವಿಯಾದವನು ಕೆಟ್ಟ ಸಾಸೇಜಿನ ಸಾರವನ್ನು ತಾನೇ ನಾಲಗೆಗೆ ಹಚ್ಚಿ ನೋಡಿ ಬರೆದನೆಂಬುದು ಸಾಹಿತ್ಯದ ಮೇಷ್ಟ್ರಾದ ನನಗೆ ಕಿಂಚಿತ್ ಹೆಮ್ಮೆಯ ವಿಷಯ. ಲ್ಯಾಟಿನ್ನಿನಲ್ಲಿ ಸಾಸೇಜಿಗೆ ಬೊಟುಲುಸ್. ರೋಗಕ್ಕೆ ಬೊಟುಲಿಸಂ ಎಂದು ಹೆಸರಾಯಿತು. 1895ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪುಹಾಕಿ ಇಟ್ಟಿದ್ದ ಹಂದಿಮಾಂಸ ತಿಂದರು, ಮೂವರು ಸತ್ತರು. ಎಮಿಲ್ ಫಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ಕ್ರಿಮಿಯನ್ನು ಬೇರ್ಪಡಿಸಿದ. ಗಾಳಿಯಿಲ್ಲದ ಕಡೆ ಬೆಳೆಯುವ ಕ್ರಿಮಿ ಇದು. ನಾವು ಗಾಳಿಯನ್ನು ಹೊರಗಟ್ಟಿ ಭದ್ರವಾಗಿ ಮುಚ್ಚಿದ ಸೀಸೆಯೇ ಅದಕ್ಕೆ ಒಳ್ಳೆಯ ತೊಟ್ಟಿಲು. ವಿಷವೇನೋ ಹತ್ತು ನಿಮಿಷ ಕುದಿಸಿದರೆ ಸಾಯುತ್ತದೆ. ಅರ್ಧ ಗಂಟೆ ಕುದಿದ ಅಕ್ಕನ ಸಾರು ನಮ್ಮನ್ನು ಕಾಪಾಡಿದ್ದು ಹೀಗೆಯೇ ಇರಬಹುದು. ಕ್ರಿಮಿಯ ಬೀಜಕಣ ಹಾಗಲ್ಲ. 1922ರಲ್ಲಿ ಕ್ಯಾಲಿಫೋರ್ನಿಯಾದ ಎಸ್ಟಿ ಮತ್ತು ಮೇಯರ್ ಅದರ ಗಟ್ಟಿತನವನ್ನು ಅಳೆದು ತೋರಿಸಿದರು: ಕುದಿನೀರಿನ ಕಾವಿನಲ್ಲಿ ಐದು ಗಂಟೆಗೂ ಮೀರಿ ಬದುಕಬಲ್ಲದು, 121 ಡಿಗ್ರಿಯಲ್ಲಿ ಮೂರು ನಿಮಿಷಕ್ಕೆ ನಾಶವಾಗುತ್ತದೆ. ಕಾವು ಹತ್ತು ಡಿಗ್ರಿ ಇಳಿದರೆ ಬೇಕಾಗುವ ಹೊತ್ತು ಹತ್ತುಪಟ್ಟು ಏರುತ್ತದೆ. ಒತ್ತಡವಿಲ್ಲದೆ ನೀರಿನ ಹಬೆ ಆ ಕಾವಿಗೆ ಏರಲಾರದು. ಅಮೆರಿಕದ ಕೃಷಿ ಇಲಾಖೆ 1917ರಲ್ಲಿಯೇ ತರಕಾರಿ, ಮಾಂಸಗಳಿಗೆ ಒತ್ತಡದ ಪಾತ್ರೆಯೇ ಬೇಕೆಂದು ಹೇಳಿದ್ದರ ಆಧಾರವನ್ನು ಈ ಇಬ್ಬರು ಗಟ್ಟಿಮಾಡಿದರು.

ಹಾಗಾದರೆ ನಮ್ಮ ಹಿರಿಯರು ಹೇಗೆ ಬಾಳಿದರು? ಹುಣಸೂರಿನ ಬಳಿಯ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ಬರೆದ, ಅವನ ಕಾಲದ ಅಡುಗೆಮನೆಯಲ್ಲಿ ಗಡಿಯಾರವೂ ಇರಲಿಲ್ಲ, ಉಷ್ಣಮಾಪಕವೂ ಇರಲಿಲ್ಲ. ಉತ್ತರ ಅಕ್ಕನ ಅಟ್ಟದ ಮೇಲೆಯೇ ಇದೆ. ಉಪ್ಪಿನಲ್ಲಿ ಮುಳುಗಿದ ಮಾವಿನ ಮಿಡಿ, ಒಣಗಿದ ಸಂಡಿಗೆ. ಕೊಡವರ ಮನೆಗಳಿಗೆ ಹೋದರೆ ಹಂದಿಮಾಂಸಕ್ಕೆ ಹಾಕುವ ಕಾಚಂಪುಳಿಯ ಕಪ್ಪು ರಸ. ಉಪ್ಪು, ಬಿಸಿಲು, ಹುಳಿ ಇವೇ ಕಾವಲುಗಾರರು. ಹುಳಿ ಒಂದು ಮಟ್ಟಕ್ಕೆ ಮೀರಿದರೆ, ವಿಜ್ಞಾನಿಗಳ ಅಳತೆಯಲ್ಲಿ ಪಿಎಚ್ 4.6ಕ್ಕೆ ಕೆಳಗಿಳಿದರೆ, ಈ ಕ್ರಿಮಿ ತಲೆಯೆತ್ತದು. ನಮ್ಮ ಉಪ್ಪಿನಕಾಯಿಗೆ ಒತ್ತಡದ ಹಂಗಿಲ್ಲ. ಹುಳಿಯೂ ಇಲ್ಲದ, ಒಣಗಿಸಲೂ ಬಾರದ ಹಸಿ ಅವರೆಯನ್ನು ಹಸಿಯಾಗಿಯೇ ಉಳಿಸುತ್ತೇನೆಂದು ಹೊರಟಾಗಲೇ ಹೊಸ ಅಳತೆ ಬೇಕಾಗುವುದು.

ಆ ಅಳತೆಯ ಮುಳ್ಳನ್ನು ಕೊಟ್ಟವನು ಪ್ಯಾರಿಸಿನ ಯೂಜೀನ್ ಬೂರ್ಡನ್. ಚಪ್ಪಟೆಯಾದ ಬಾಗು ಕೊಳವೆಯೊಂದಕ್ಕೆ ಒಳಗಿನಿಂದ ಒತ್ತಡ ಕೊಟ್ಟಾಗ ಅದು ನೆಟ್ಟಗಾಗುವುದನ್ನು ಗಮನಿಸಿ, ಅದರ ತುದಿಗೆ ಮುಳ್ಳು ಜೋಡಿಸಿದ. 1849ರಲ್ಲಿ ಅದರ ಹಕ್ಕು ಪಡೆದ. ಮದುವೆಮನೆಯಲ್ಲಿ ಮಕ್ಕಳು ಊದುವ, ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ನೆನೆದರೆ ಓದುಗರಿಗೆ ಅರ್ಥವಾದೀತು. ಹಬೆಯ ಎಂಜಿನ್ನುಗಳ ಕಾಲದಲ್ಲಿ ಇದು ಜಗತ್ತೆಲ್ಲ ಹಬ್ಬಿತು. ಒಳ್ಳೆಯ ಉಪಕರಣ, ಎರಡು ದೋಷಗಳುಂಟು. ಒಂದು, ಅದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚೆಂಬುದನ್ನು ಮಾತ್ರ ಹೇಳುತ್ತದೆ. ಕಡಲ ದಂಡೆಯಲ್ಲಿ ಗಾಳಿ ಚದರಂಗುಲಕ್ಕೆ 14.7 ಪೌಂಡು ಒತ್ತಿದರೆ ಶಿರಂಗಾಲದಲ್ಲಿ 13.3ರ ಆಸುಪಾಸು. ಕೊರತೆಯನ್ನು ನಾವೇ ಮುಳ್ಳಿನ ಮೇಲೆ ಕೂಡಿಸಬೇಕು. ಎರಡು, ತಾಮ್ರದ ಕೊಳವೆಗೂ ಮುಪ್ಪು ಬರುತ್ತದೆ, ಪೆಟ್ಟು ಬೀಳುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿರೆಂದು ಪುಸ್ತಿಕೆ ಹೇಳುತ್ತಿತ್ತು. ಅದೂ ಅದೇ ಹಿಂಬದಿಯ ಪುಟದಲ್ಲಿ.

ಮೂರನೆಯ ಮೋಸ ಮುಳ್ಳಿನದಲ್ಲ, ಗಾಳಿಯದು. ಮುಚ್ಚಿದ ಹಂಡೆಯೊಳಗೆ ಹಬೆಯ ಜೊತೆಗೆ ಗಾಳಿ ಉಳಿದಿದ್ದರೆ ಎರಡರ ಒತ್ತಡವೂ ಕೂಡಿ ಮುಳ್ಳಿನ ಮೇಲೆ ಬೀಳುತ್ತದೆಂದು ಜಾನ್ ಡಾಲ್ಟನ್ 19ನೆಯ ಶತಮಾನದ ಮೊದಲಲ್ಲಿಯೇ ಹೇಳಿದ್ದ. ಪೂರ್ತಿ ಹಬೆಯಾದರೆ ಕಡಲ ದಂಡೆಯಲ್ಲಿ ಹತ್ತು ಪೌಂಡಿಗೆ 115 ಡಿಗ್ರಿ ಕಾವು. ಅರ್ಧ ಗಾಳಿ ಉಳಿದಿದ್ದರೆ ಮುಳ್ಳು ಅದೇ ಹತ್ತನ್ನು ತೋರಿಸುತ್ತಲೇ ಒಳಗೆ 105ರ ಹತ್ತಿರ ನಿಂತುಬಿಡಬಹುದು. ಆದ್ದರಿಂದ ತೂಕ ಇಡುವ ಮೊದಲು ಹತ್ತು ನಿಮಿಷ ಹಬೆ ಧಾರಾಳವಾಗಿ ಹೊರಹೋಗಬೇಕು. ನಾವು ಮೊದಲ ಹಬೆ ಕಂಡೊಡನೆ ಮುಚ್ಚಿದ್ದೆವು. ಗ್ಯಾಸು ಏಕೆ ದಂಡವಾಗಬೇಕೆಂದು ಹೇಳಿದವನೂ ನಾನೇ.

ನಮ್ಮ ನಾಡಿಗೆ ಒತ್ತಡದ ಪಾತ್ರೆ ಬಂದದ್ದು ಬೇರೆ ದಾರಿಯಲ್ಲಿ. ಬಂಗಾಳದ ಇಂದುಮಾಧವ ಮಲ್ಲಿಕರು 1910ರ ಸುಮಾರಿಗೆ ಮಾಡಿದ ಇಕ್ಮಿಕ್ ಕುಕ್ಕರಿನಲ್ಲಿ ಹಬೆಯಿತ್ತು, ಒತ್ತಡವಿರಲಿಲ್ಲ. 1959ರ ಸುಮಾರಿಗೆ ಮುಂಬಯಿಯ ಹಾಕಿನ್ಸ್, ಬೆಂಗಳೂರಿನ ಪ್ರೆಸ್ಟೀಜ್ ಕುಕ್ಕರುಗಳು ದೇಶದಲ್ಲಿಯೇ ತಯಾರಾಗತೊಡಗಿದ ಮೇಲೆ ಮನೆಮನೆಯಲ್ಲಿ ಪಾಪಿನ್ನನ ತೂಕ ಕೂಗಲಾರಂಭಿಸಿತು. ಹೆಂಗಸರು ಅದನ್ನು ಕಿವಿಯಿಂದ ಕಲಿತರು: ಬೇಳೆಗೆ ಮೂರು ಕೂಗು, ಕಡಲೆಗೆ ಆರು. ಬೇಯಿಸಿದ್ದನ್ನು ಆ ಹೊತ್ತೇ ತಿನ್ನುವ ಮನೆಗೆ ಈ ಲೆಕ್ಕ ಸಾಕು. ವರ್ಷ ಇಡುವ ಸೀಸೆಗೆ ಸಾಲದು. ಆ ಇನ್ನೊಂದು ವಿದ್ಯೆ ನಮ್ಮಲ್ಲಿ ಅಡುಗೆಮನೆಗಿಂತ ಹೆಚ್ಚಾಗಿ ಮೈಸೂರಿನಲ್ಲಿ ನೆಲೆಸಿತು. 1950ರ ಅಕ್ಟೋಬರ್ 21ರಂದು ಚೆಲುವಾಂಬ ಮಹಲಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾಯಿತು. 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಪ್ರಯೋಗಾಲಯ ಬಂತು. ಸೈನಿಕರಿಗಾಗಿ ಅಲ್ಲಿ ರೂಪುಗೊಂಡ ಪೊಟ್ಟಣದ ಊಟ, ಸೀಸೆಯ ಬದಲು ಪದರುಪದರಾದ ಚೀಲದಲ್ಲಿ ಒತ್ತಡದ ಹಬೆಗೆ ಸಿಕ್ಕಿ ಬೆಂದದ್ದು. ಅಪೇರನು ಸೈನ್ಯಕ್ಕಾಗಿ ಮಾಡಿದ್ದು ಎರಡು ಶತಮಾನ ತಿರುಗಿ ಕೊಡಗಿನ ಸಿಪಾಯಿಯ ಕೈಗೂ ಬಂತೆನ್ನಬೇಕು. ಇಂಥ ಕಾರ್ಖಾನೆಗಳಲ್ಲಿ ಒತ್ತಡದ ಮುಳ್ಳಿಗೆ ಎರಡನೆಯ ಸ್ಥಾನ. ನಂಬುವುದು ಒಳಗೆ ಇಳಿಬಿಟ್ಟ ಉಷ್ಣಮಾಪಕವನ್ನು. ಪಾಪಿನ್ನನಂತೆ ಅವರು ಕಾವನ್ನೇ ಕೇಳುತ್ತಾರೆ. ಅಡುಗೆಮನೆಗೆ ಮುಳ್ಳೊಂದೇ ಗತಿ.

ಶಿರಂಗಾಲಕ್ಕೆ ಮರಳೋಣ. ಬೆಳಗ್ಗೆ ಎದ್ದವನೇ ಸೀಸೆಗಳನ್ನೆಲ್ಲ ಚೆಲ್ಲಬೇಕೆಂದೆ. ಅಕ್ಕನಿಗೆ ಕೋಪ ಬಂತು. ಒಂದು ಸೀಸೆಯ ಮುಚ್ಚಳ ತೆಗೆದು ಮೂಸಿ, “ನೋಡಪ್ಪ, ಹಳಸಿದ ವಾಸನೆ ಏನಾದರೂ ಇದೆಯಾ? ಐವತ್ತು ವರ್ಷದಿಂದ ಈ ಮನೆಯಲ್ಲಿ ಅಡುಗೆ ಮಾಡ್ತಾ ಇದ್ದೀನಿ, ಕೆಟ್ಟದ್ದು ಯಾವುದು ಒಳ್ಳೇದು ಯಾವುದು ಅಂತ ನಿನ್ನ ಪುಸ್ತಕ ಹೇಳಬೇಕಾ?” ಎಂದಳು. ನನ್ನಲ್ಲಿ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಈ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ, ಬಣ್ಣವೂ ಬದಲಾಗಬೇಕೆಂದಿಲ್ಲ. ಐವತ್ತು ವರ್ಷ ನಂಬಿದ ಮೂಗನ್ನು ಈಗ ನಂಬಬೇಡ ಎನ್ನುವುದು ಹೇಗೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು: “ಹಂಡೆ ತಣ್ಣಗಾದಾಗ ಮುಳ್ಳು ಎಲ್ಲಿರಬೇಕು?” ಸೊನ್ನೆಯಲ್ಲಿ ಎಂದೆ. “ಅದು ಎರಡರಲ್ಲೇ ನಿಂತಿರ್ತದೆ. ತೊಳೆದು ಇಟ್ಟ ಮೇಲೂ ಅಷ್ಟೇ. ಅದರ ಜಾಗವೇ ಅದು ಅಂತ ತಿಳಿದಿದ್ದೆ.”

ಹಂಡೆ ಇಳಿಸಿ ನೋಡಿದೆ. ನಿಜ, ಒಲೆಯಿಲ್ಲ, ನೀರಿಲ್ಲ, ಮುಳ್ಳು ಎರಡು ಪೌಂಡು ತೋರಿಸುತ್ತಿತ್ತು. ಹಡಗಿನಲ್ಲೋ ವಿಮಾನದಲ್ಲೋ ಬಿದ್ದ ಪೆಟ್ಟು. ನಾನು ಗಡಿಯಾರ ಹಿಡಿದು ಕಾದ ಹನ್ನೊಂದು ಪೌಂಡು ಬಹುಮಟ್ಟಿಗೆ ಒಂಬತ್ತೇ. ಕಾಗದದ ಮೇಲೆ ಲೆಕ್ಕ ಹಾಕಿದೆ: ಬೇಕಾಗಿದ್ದ ಕಾವು 115.6 ಡಿಗ್ರಿ, ಸಿಕ್ಕಿದ್ದು ಹೆಚ್ಚೆಂದರೆ 112. ಮೂರೂವರೆ ಡಿಗ್ರಿಯ ಕೊರತೆಯಿಂದ ನಮ್ಮ 40 ನಿಮಿಷ 18 ನಿಮಿಷಕ್ಕೆ ಸಮ. ಇದು ಗಾಳಿಯ ತಪ್ಪನ್ನು ಲೆಕ್ಕಕ್ಕೆ ಹಿಡಿಯದೆ. ಅವರೆಗೆ ಲೈಮಾದ ಹೊತ್ತು ಸರಿಯೇ ಎಂಬುದಂತೂ ಯಾವ ಪುಸ್ತಕವೂ ಹೇಳದ ಮಾತು. ಊರಿನ ಎತ್ತರದ ತಪ್ಪು ಇವುಗಳಲ್ಲಿ ಅತಿ ಚಿಕ್ಕದು. ರಾತ್ರಿಯೆಲ್ಲ ನಾನು ಹೆದರಿದ್ದು ಅದಕ್ಕೆ. ದೊಡ್ಡದನ್ನು ಕಂಡವಳು ಅಕ್ಕ.

ಲೆಕ್ಕ ಕೇಳಿದ ಮೇಲೆ ಅವಳು ಮತ್ತೆ ವಾದಿಸಲಿಲ್ಲ. ಸೀಸೆಗಳನ್ನು ದೊಡ್ಡ ಹಂಡೆಯ ನೀರಿನಲ್ಲಿ ಮುಳುಗಿಸಿ ಅರ್ಧ ಗಂಟೆ ಕುದಿಸಿ, ಕೋಳಿಗಳು ಕೆದಕದಷ್ಟು ಆಳದ ಗುಂಡಿ ತೋಡಿಸಿ ಕಾಳನ್ನು ಹೂಳಿದೆವು. ಹದಿಮೂರು ಸೀಸೆ. ಸುಲಿದವಳು ಅವಳೇ, ಉಗುರಿನ ಸಂದಿಯ ಕಪ್ಪು ಸಂಕ್ರಾಂತಿ ಕಳೆದು ವಾರವಾದರೂ ಹೋಗಿರಲಿಲ್ಲವಂತೆ.

ಮುಂದಿನ ವರ್ಷ ಅಕ್ಕನ ಮಗ ಮುಳ್ಳಿನ ಬದಲು ತೂಕ ಕಳುಹಿಸಿದ. ಐದು, ಹತ್ತು, ಹದಿನೈದು ಪೌಂಡುಗಳ ಮೂರು ಬಳೆಗಳದು. ಸಾವಿರ ಅಡಿಗೆ ಮೇಲಿನ ಊರುಗಳಿಗೆಲ್ಲ ಹದಿನೈದೇ. ಅಕ್ಕನಿಗೆ ಇದೇ ಹಿಡಿಸಿತು, ಒಲೆಯ ಮುಂದೆ ಕಣ್ಣು ನೆಡಬೇಕಾಗಿಲ್ಲ, ಹಿತ್ತಿಲಿನಿಂದಲೂ ಸದ್ದು ಕೇಳುತ್ತದೆ. ಅವರೆಕಾಳು ಈಗ ಫ್ರಿಜ್ಜಿನ ಮೇಲಂತಸ್ತಿನಲ್ಲಿ ಗಡ್ಡೆಕಟ್ಟಿ ಮೊಮ್ಮಕ್ಕಳನ್ನು ಕಾಯುತ್ತದೆ. ಹಂಡೆಗೆ ಹೋಗುವುದು ಪುಸ್ತಿಕೆಯಲ್ಲಿ ಹೆಸರಿರುವ ಬೀನ್ಸ್ ಮಾತ್ರ: ಸಣ್ಣ ಸೀಸೆಗೆ 20 ನಿಮಿಷ. ಕಳೆದ ಸಲ ನಾನು ಹೋದಾಗ ಹಬೆ ಬುಸುಗುಟ್ಟಿ ಹೊರಗೆ ಬರುತ್ತಿತ್ತು, ತೂಕವನ್ನು ಅವಳು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದಳು. ಗ್ಯಾಸು ದಂಡವೆಂದು ನಾನು ಈ ಸಲ ಹೇಳಲಿಲ್ಲ. “ಹತ್ತು ನಿಮಿಷ ಆಯ್ತಾ ನೋಡು” ಎಂದಳು. ಏಳಾಗಿತ್ತು.